ರೋಧ ಶೂನ್ಯವಾದ ಮೇಲೆ ಇನ್ನೇನನ್ನು ಅಳೆಯಬೇಕು?

ಓದುಗರ ಪ್ರಶ್ನೆ: ತಣಿಸಿದಾಗ ವಿದ್ಯುತ್ ರೋಧ ಶೂನ್ಯಕ್ಕೆ ಇಳಿಯುವ ವಸ್ತುವನ್ನು ಅತಿವಾಹಕ ಎನ್ನುತ್ತಾರೆ. ಹಾಗಿದ್ದರೆ ಕೆಲವನ್ನು ಮಾತ್ರ ‘ಅಸಾಮಾನ್ಯ ಅತಿವಾಹಕ’ ಎಂದು ಬೇರೆಯಾಗಿಸುವುದು ಏಕೆ? ಅದನ್ನು ಪ್ರಯೋಗದಿಂದ ತೀರ್ಮಾನಿಸುವುದು ಹೇಗೆ?

ಉತ್ತರ: ಅತಿವಾಹಕದ ಒಳಗುಟ್ಟನ್ನು ತಿಳಿಯಲು ಅತ್ಯಂತ ಕಡಿಮೆ ನೆರವಾಗುವ ಅಳತೆಯೆಂದರೆ ರೋಧವೇ. 1911ರಲ್ಲಿ ಲೈಡನ್ನಿನಲ್ಲಿ ಕಾಮರ್ಲಿಂಗ್ ಓನ್ಸ್ ಅವರ ಪ್ರಯೋಗಾಲಯವು 4.2 ಕೆಲ್ವಿನ್ ಹತ್ತಿರ ಪಾದರಸದಲ್ಲಿ ಕಂಡ ಶೂನ್ಯಕ್ಕೂ ಇಂದಿನ ತಾಮ್ರದ ಆಕ್ಸೈಡಿನಲ್ಲಿ ಕಾಣುವ ಶೂನ್ಯಕ್ಕೂ ಯಾವ ವ್ಯತ್ಯಾಸವೂ ಇಲ್ಲ. 1933ರಲ್ಲಿ ಮೈಸ್ನರ್ ಮತ್ತು ಓಕ್ಸನ್‌ಫೆಲ್ಡ್ ಗುರುತಿಸಿದ, ಕಾಂತಕ್ಷೇತ್ರವನ್ನು ಒಳಗಿನಿಂದ ಹೊರದೂಡುವ ಗುಣವೂ ಎಲ್ಲ ಅತಿವಾಹಕಗಳಿಗೆ ಸಾಮಾನ್ಯವಾದದ್ದು. ಎಲೆಕ್ಟ್ರಾನುಗಳು ಜೋಡಿಯಾಗಿವೆ, ಆ ಜೋಡಿಗಳೆಲ್ಲ ಒಂದೇ ತರಂಗವಾಗಿ ವರ್ತಿಸುತ್ತಿವೆ ಎಂಬಷ್ಟನ್ನು ಈ ಎರಡು ಅಳತೆಗಳು ಹೇಳುತ್ತವೆ. ಆ ಜೋಡಿ ಎಂಥದ್ದು ಎಂಬುದನ್ನು ಅವು ಹೇಳಲಾರವು.

1957ರಲ್ಲಿ ಬಾರ್ಡೀನ್, ಕೂಪರ್ ಮತ್ತು ಶ್ರೀಫರ್ ರೂಪಿಸಿದ ಸಿದ್ಧಾಂತದಲ್ಲಿ ಎಲೆಕ್ಟ್ರಾನುಗಳನ್ನು ಜೋಡಿಸುವುದು ಸ್ಫಟಿಕ ಜಾಲಕದ ಕಂಪನ. ಪ್ರತಿ ಎಲೆಕ್ಟ್ರಾನಿಗೂ ಸ್ಪಿನ್ ಎಂಬ, ಪುಟ್ಟ ಕಾಂತದಂತೆ ವರ್ತಿಸುವ ಸಹಜ ಗುಣವಿದೆ; ಜೋಡಿಯ ಎರಡು ಸ್ಪಿನ್‌ಗಳು ಒಂದಕ್ಕೊಂದು ವಿರುದ್ಧವಾಗಿರುತ್ತವೆ, ಮತ್ತು ಜೋಡಿಯ ತರಂಗಕ್ಕೆ ಎಲ್ಲ ದಿಕ್ಕುಗಳಲ್ಲೂ ಒಂದೇ ಚಿಹ್ನೆ ಇರುತ್ತದೆ. ಅಸಾಮಾನ್ಯ ಅತಿವಾಹಕದಲ್ಲಿ ಜೋಡಿಯ ತರಂಗವು ಸ್ಫಟಿಕದ ಸಮಮಿತಿಯನ್ನು ಪೂರ್ತಿಯಾಗಿ ಪಾಲಿಸುವುದಿಲ್ಲ. ಅದರ ಚಿಹ್ನೆ ದಿಕ್ಕಿನೊಡನೆ ಧನದಿಂದ ಋಣಕ್ಕೆ ಬದಲಾಗಬಹುದು, ಇಲ್ಲವೇ ಎರಡು ಸ್ಪಿನ್‌ಗಳು ಒಂದೇ ಕಡೆಗೆ ಮುಖಮಾಡಿರಬಹುದು. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ದೂರಮಾಡಬೇಕು: ತಾಪಮಾನ ಎಷ್ಟು ಎಂಬುದು ಅಸಾಮಾನ್ಯತೆಯ ಅಳತೆಗೋಲಲ್ಲ. 2015ರಲ್ಲಿ ಭಾರಿ ಒತ್ತಡದಲ್ಲಿ 203 ಕೆಲ್ವಿನ್‌ವರೆಗೆ ಅತಿವಾಹಕತೆ ತೋರಿದ ಗಂಧಕದ ಹೈಡ್ರೈಡನ್ನು ಜಾಲಕದ ಕಂಪನದಿಂದಲೇ ವಿವರಿಸಲಾಗುತ್ತದೆ. ಆದರೆ ಕೇವಲ 1.5 ಕೆಲ್ವಿನ್‌ನಲ್ಲಿ ಅತಿವಾಹಕವಾಗುವ ಸ್ಟ್ರಾಂಷಿಯಂ ರುಥೆನೇಟ್ ಮೂರು ದಶಕಗಳಿಂದ ತಜ್ಞರನ್ನು ಕಾಡುತ್ತಿದೆ.

ಮೊದಲ ಬಲವಾದ ಸುಳಿವು 1979ರಲ್ಲಿ ಸಿಕ್ಕಿತು. ಸಾಮಾನ್ಯ ಅತಿವಾಹಕದೊಳಗೆ ಕಾಂತೀಯ ಪರಮಾಣುಗಳು ಸ್ವಲ್ಪವೇ ಬೆರೆತರೂ ಜೋಡಿಗಳು ಒಡೆದುಹೋಗುತ್ತವೆ. ಆದರೆ ಫ್ರಾಂಕ್ ಸ್ಟೆಗ್ಲಿಷ್ ಮತ್ತು ಸಂಗಡಿಗರು ಪರೀಕ್ಷಿಸಿದ ಸೀರಿಯಂ, ತಾಮ್ರ ಮತ್ತು ಸಿಲಿಕಾನ್‌ಗಳ ಸಂಯುಕ್ತದಲ್ಲಿ ಕಾಂತೀಯ ಸೀರಿಯಂ ಜಾಲಕದ ಪ್ರತಿಯೊಂದು ಕೋಶದಲ್ಲೂ ಇತ್ತು; ಹಾಗಿದ್ದೂ ಅದು ಅರ್ಧ ಕೆಲ್ವಿನ್ ಆಸುಪಾಸಿನಲ್ಲಿ ಅತಿವಾಹಕವಾಯಿತು. ಸೀರಿಯಂ ಜಾಗದಲ್ಲಿ ಕಾಂತೀಯವಲ್ಲದ ಲ್ಯಾಂಥನಮ್ ಇಟ್ಟಾಗ ಅತಿವಾಹಕತೆಯೇ ಕಾಣಲಿಲ್ಲ.

ಹಾಗಾದರೆ ಜೋಡಿಯ ಆಕಾರವನ್ನು ಅಳೆಯುವುದು ಹೇಗೆ? ಒಂದು ದಾರಿ, ತಾಪಮಾನವನ್ನು ಸೊನ್ನೆಯತ್ತ ಇಳಿಸುತ್ತಾ ಒಡೆದ ಜೋಡಿಗಳು ಎಷ್ಟು ಉಳಿದಿವೆ ಎಂದು ಗಮನಿಸುವುದು. ಜೋಡಿಯನ್ನು ಒಡೆಯಲು ಎಲ್ಲ ದಿಕ್ಕಿನಲ್ಲೂ ಇಂತಿಷ್ಟು ಶಕ್ತಿ ಬೇಕೇಬೇಕು ಎಂದಿದ್ದರೆ, ತಣಿಸಿದಂತೆ ಒಡೆದ ಎಲೆಕ್ಟ್ರಾನುಗಳ ಸಂಖ್ಯೆ ಘಾತೀಯವಾಗಿ ಕುಸಿದು ಬಹುಬೇಗ ಇಲ್ಲವಾಗುತ್ತದೆ. ಕೆಲವು ದಿಕ್ಕುಗಳಲ್ಲಿ ಆ ಶಕ್ತಿ ಅಂತರವೇ ಸೊನ್ನೆಯಾಗಿದ್ದರೆ, ಎಷ್ಟು ತಣಿಸಿದರೂ ಅಲ್ಲಿ ಒಂದಷ್ಟು ಒಡೆದ ಜೋಡಿಗಳು ಉಳಿದೇ ಇರುತ್ತವೆ. ಕಾಂತಕ್ಷೇತ್ರವು ಅತಿವಾಹಕದ ಮೇಲ್ಮೈಯೊಳಗೆ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದು ಇದಕ್ಕೆ ನೇರ ಸಾಕ್ಷಿ. ಯಿಟ್ರಿಯಂ, ಬೇರಿಯಂ ಮತ್ತು ತಾಮ್ರದ ಆಕ್ಸೈಡಿನ ಶುದ್ಧ ಹರಳುಗಳಲ್ಲಿ ಈ ಆಳವು ತಾಪಮಾನಕ್ಕೆ ಅನುಗುಣವಾಗಿ ಸರಳರೇಖೆಯಲ್ಲಿ ಬದಲಾಗುತ್ತದೆಂದು ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 1993ರಲ್ಲಿ ಸೂಕ್ಷ್ಮತರಂಗಗಳ ನೆರವಿನಿಂದ ತೋರಿಸಿತು. ಅದಕ್ಕೂ ಮೊದಲು ಅಳೆದಿದ್ದ ತೆಳುಪದರಗಳಲ್ಲಿ ಈ ಸರಳರೇಖೆ ಸಿಕ್ಕಿರಲಿಲ್ಲ. ದೋಷಗಳಿದ್ದ ಮಾದರಿಯಲ್ಲಿ ಅದು ವರ್ಗರೂಪದ ವಕ್ರರೇಖೆಯಾಗಿ ಮರೆಯಾಗುತ್ತದೆ. ಈ ಕ್ಷೇತ್ರದಲ್ಲಿ ಉಪಕರಣ ಕಟ್ಟುವವರಷ್ಟೇ ಗೌರವ ಹರಳು ಬೆಳೆಸುವವರಿಗೂ ಸಲ್ಲಬೇಕು ಎಂದು ನಾನು ನಂಬುವುದು ಇದರಿಂದಲೇ.

ಆದರೂ ಶಕ್ತಿ ಅಂತರ ಸೊನ್ನೆಯಾಗುತ್ತದೆ ಎಂದಮಾತ್ರಕ್ಕೆ ತರಂಗದ ಚಿಹ್ನೆ ಬದಲಾಯಿತು ಎಂದು ಖಚಿತವಾಗುವುದಿಲ್ಲ. ಚಿಹ್ನೆಯನ್ನೇ ನೇರವಾಗಿ ಓದಿದ ಪ್ರಯೋಗಗಳಲ್ಲಿ, 1994ರಲ್ಲಿ ಐಬಿಎಂ ಪ್ರಯೋಗಾಲಯದಲ್ಲಿ ಸುಯಿ ಮತ್ತು ಕರ್ಟ್ಲಿ ನೇತೃತ್ವದ ತಂಡ ನಡೆಸಿದ್ದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಸುಂದರವಾದದ್ದು. ಬೇರೆ ಬೇರೆ ಕೋನಕ್ಕೆ ತಿರುಗಿಸಿದ ಮೂರು ಹರಳುಗಳು ಒಂದೇ ಬಿಂದುವಿನಲ್ಲಿ ಕೂಡುವ ತಳಹದಿಯ ಮೇಲೆ ಅವರು ತಾಮ್ರದ ಆಕ್ಸೈಡಿನ ಪದರವನ್ನು ಬೆಳೆಸಿ, ಅದರಲ್ಲಿ ಪುಟ್ಟ ಉಂಗುರಗಳನ್ನು ಕೆತ್ತಿದರು. ಅತಿವಾಹಕ ಉಂಗುರದೊಳಗಿನ ಕಾಂತ ಅಭಿವಾಹವು ಸಾಮಾನ್ಯವಾಗಿ 2.07×10⁻¹⁵ ವೆಬರ್ ಎಂಬ ಮೂಲಮಾನದ ಪೂರ್ಣಾಂಕ ಗುಣಕವೇ ಆಗಿರಬೇಕು, ಏಕೆಂದರೆ ಉಂಗುರವನ್ನು ಒಂದು ಸುತ್ತು ಬಂದ ತರಂಗವು ತನ್ನೊಡನೆ ತಾನು ಹೊಂದಿಕೊಳ್ಳಬೇಕು. ಜೋಡಿಯ ತರಂಗವು ಧನ ಮತ್ತು ಋಣ ಚಿಹ್ನೆಗಳು ಸರದಿಯಂತೆ ಬರುವ ನಾಲ್ಕು ಎಸಳಿನ ಹೂವಿನ ಹಾಗಿದ್ದರೆ, ಮೂರು ಹರಳುಗಳೂ ಕೂಡುವ ನಡುವಿನ ಉಂಗುರದಲ್ಲಿ ಮಾತ್ರ ಚಿಹ್ನೆ ಬೆಸ ಸಂಖ್ಯೆಯ ಸಲ ತಿರುಗುವಂತೆ ಕೋನಗಳನ್ನು ಆರಿಸಲಾಗಿತ್ತು. ಆಗ ಆ ಉಂಗುರವು ಹೊರಗಿನ ಕ್ಷೇತ್ರವಿಲ್ಲದಿದ್ದರೂ ತಾನಾಗಿಯೇ ಪ್ರವಾಹವನ್ನು ಹುಟ್ಟಿಸಿಕೊಂಡು ಮೂಲಮಾನದ ಸರಿಯಾಗಿ ಅರ್ಧದಷ್ಟು ಅಭಿವಾಹವನ್ನು ಹೊರಬೇಕು. ಸ್ಕ್ವಿಡ್ ಎಂಬ ಅತಿಸೂಕ್ಷ್ಮ ಕಾಂತಮಾಪಕವನ್ನು ಉಂಗುರಗಳ ಮೇಲೆ ಹಾಯಿಸಿದಾಗ ಕಂಡದ್ದು ಅದೇ: ನಡುವಿನ ಉಂಗುರದಲ್ಲಿ ಅರ್ಧ, ಸುತ್ತಲಿನವುಗಳಲ್ಲಿ ಅಂಥದ್ದೇನೂ ಇಲ್ಲ.

ಇನ್ನುಳಿದದ್ದು ಸ್ಪಿನ್. ಅದನ್ನು ವಿಚಾರಿಸುವ ಸಾಧನ ಪರಮಾಣು ಬೀಜದ ಕಾಂತೀಯ ಅನುರಣನ. ಕ್ಷೇತ್ರದಲ್ಲಿಟ್ಟ ಪರಮಾಣು ಬೀಜಗಳು ಒಂದು ನಿಶ್ಚಿತ ಆವರ್ತನದಲ್ಲಿ ಅನುರಣಿಸುತ್ತವೆ. ಸುತ್ತಲಿನ ಎಲೆಕ್ಟ್ರಾನುಗಳ ಸ್ಪಿನ್‌ಗಳು ಕ್ಷೇತ್ರದ ಕಡೆಗೆ ವಾಲುವುದರಿಂದ ಆ ಆವರ್ತನ ಸ್ವಲ್ಪ ಸರಿಯುತ್ತದೆ. ಇದಕ್ಕೆ ನೈಟ್ ಪಲ್ಲಟ ಎಂದು ಹೆಸರು. ಸ್ಪಿನ್‌ಗಳು ವಿರುದ್ಧವಾಗಿ ಜೋಡಿಯಾದರೆ ಅವು ಕ್ಷೇತ್ರಕ್ಕೆ ಸ್ಪಂದಿಸಲಾರವು, ಆದ್ದರಿಂದ ತಣಿಸಿದಂತೆ ಪಲ್ಲಟ ಇಳಿಯುತ್ತದೆ. ಒಂದೇ ಕಡೆಗೆ ಮುಖಮಾಡಿದ ಜೋಡಿಗಳಲ್ಲಿ ಅದು ಇಳಿಯದೆ ಉಳಿಯಬಲ್ಲದು. ಸ್ಟ್ರಾಂಷಿಯಂ ರುಥೆನೇಟಿನ ಅತಿವಾಹಕತೆಯನ್ನು 1994ರಲ್ಲಿ ಮಾಎನೋ ಮತ್ತು ಸಂಗಡಿಗರು ಪ್ರಕಟಿಸಿದ್ದರು. ಸಾಮಾನ್ಯ ಆಮ್ಲಜನಕದ ಪರಮಾಣು ಬೀಜಕ್ಕೆ ಸ್ಪಿನ್ ಇಲ್ಲದ ಕಾರಣ, ಆಮ್ಲಜನಕ-17 ತುಂಬಿದ ಹರಳುಗಳ ಮೇಲೆ ಜಪಾನಿನ ಸಂಶೋಧಕರು ನಡೆಸಿದ ಅಳತೆ 1998ರಲ್ಲಿ ಹೊರಬಂತು. ಪಲ್ಲಟ ಇಳಿಯಲೇ ಇಲ್ಲ. ಇಪ್ಪತ್ತು ವರ್ಷಗಳ ಕಾಲ ಈ ಫಲಿತಾಂಶದ ಮೇಲೆ ನೂರಾರು ಪ್ರಬಂಧಗಳು ನಿಂತವು.

2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಶಾಖೆಯ ತಂಡವು ಅದೇ ಅಳತೆಯನ್ನು ಮತ್ತೆ ಮಾಡಿದಾಗ ಪಲ್ಲಟ ಗಣನೀಯವಾಗಿ ಇಳಿಯಿತು. ಅನುರಣನವನ್ನು ಎಬ್ಬಿಸಲು ಕಳುಹಿಸುವ ರೇಡಿಯೊ ಸ್ಪಂದನಗಳೇ ಹರಳನ್ನು ಕ್ಷಣಕಾಲ ಬಿಸಿಮಾಡುತ್ತಿದ್ದವು. ಓದುವ ಹೊತ್ತಿಗೆ ಮಾದರಿ ಅತಿವಾಹಕವಾಗಿಯೇ ಉಳಿದಿರುತ್ತಿರಲಿಲ್ಲ. ಸ್ಪಂದನದ ಶಕ್ತಿಯನ್ನು ತಗ್ಗಿಸುತ್ತಾ ಹೋದಂತೆ ನಿಜವಾದ ಇಳಿಕೆ ಹೊರಬಿತ್ತು. ಮೂಲ ಅಳತೆ ಮಾಡಿದ್ದ ಜಪಾನಿನ ಸಂಶೋಧಕರು ತಾವೇ ಮತ್ತೆ ಪರೀಕ್ಷಿಸಿ ಇದನ್ನು ದೃಢಪಡಿಸಿದ್ದು ನನ್ನ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ. ಸಮಾಂತರ ಸ್ಪಿನ್‌ಗಳ ವಾದ ಅಲ್ಲಿಗೆ ಬಹುಮಟ್ಟಿಗೆ ಬಿದ್ದುಹೋಯಿತು.

ಹಾಗೆಂದು ಆ ವಸ್ತು ಸಾಮಾನ್ಯ ಅತಿವಾಹಕಗಳ ಸಾಲಿಗೆ ಮರಳಲಿಲ್ಲ. ಹರಳಿನೊಳಗೆ ನೆಟ್ಟ ಮ್ಯುವಾನ್‌ಗಳೆಂಬ ಅಲ್ಪಾಯುಷಿ ಕಣಗಳು ಸರಾಸರಿ 2.2 ಮೈಕ್ರೊಸೆಕೆಂಡು ಬದುಕಿ ಕ್ಷಯಿಸುವಾಗ, ಹೊರಚಿಮ್ಮುವ ಪಾಸಿಟ್ರಾನ್‌ಗಳ ದಿಕ್ಕಿನಿಂದ ಒಳಗಿನ ಕಾಂತಕ್ಷೇತ್ರವನ್ನು ಓದಬಹುದು. ಅತಿವಾಹಕ ಸ್ಥಿತಿಯಲ್ಲಿ ಸಣ್ಣ ಕ್ಷೇತ್ರವೊಂದು ತಾನಾಗಿಯೇ ಮೂಡುತ್ತದೆಂದು 1998ರಲ್ಲಿ ಅವು ತಿಳಿಸಿದ್ದವು. 2006ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರತಿಫಲಿತ ಬೆಳಕಿನ ಧ್ರುವೀಕರಣ ಕೆಲವೇ ಹತ್ತು ನ್ಯಾನೊರೇಡಿಯನ್‌ಗಳಷ್ಟು ತಿರುಗುವುದು ಕಂಡಾಗ, ಕಾಲದ ದಿಕ್ಕನ್ನು ತಿರುಗಿಸಿದರೆ ಈ ಸ್ಥಿತಿ ಬದಲಾಗುತ್ತದೆ ಎಂದು ಆ ಕ್ಷೇತ್ರವೂ ಸೂಚಿಸಿದ್ದ ತೀರ್ಮಾನಕ್ಕೆ ಬೆಂಬಲ ಸಿಕ್ಕಿತು. ಆದರೆ ಅಂಥ ಸ್ಥಿತಿಯಲ್ಲಿ ಹರಳಿನ ಅಂಚುಗಳಲ್ಲಿ ಹರಿಯಬೇಕಿದ್ದ ಪ್ರವಾಹವನ್ನು ಸ್ಕ್ವಿಡ್ ಹುಡುಕಿದರೂ ಸಿಗಲಿಲ್ಲ. ಹರಳನ್ನು ಒಂದು ದಿಕ್ಕಿನಲ್ಲಿ ಅದುಮಿದರೆ ಅತಿವಾಹಕ ತಾಪಮಾನ 1.5ರಿಂದ ಸುಮಾರು 3.5 ಕೆಲ್ವಿನ್‌ಗೆ ಏರುತ್ತದೆ. ಹಾಗೆ ಅದುಮಿದಾಗ ಅತಿವಾಹಕತೆಯೂ ಆಂತರಿಕ ಕ್ಷೇತ್ರವೂ ಬೇರೆ ಬೇರೆ ತಾಪಮಾನದಲ್ಲಿ ಶುರುವಾಗುತ್ತವೆ ಎಂದು ಮ್ಯುವಾನ್‌ಗಳು ಹೇಳುತ್ತವೆ. ಅಂಥ ಎರಡನೆಯ ಸ್ಥಿತ್ಯಂತರವಿದ್ದರೆ ಉಷ್ಣಧಾರಣೆಯ ಅಳತೆಯಲ್ಲೂ ಅದರ ಗುರುತು ಕಾಣಬೇಕಿತ್ತು, ಕಾಣುತ್ತಿಲ್ಲ. ಎರಡೂ ಅಳತೆಗಳು ಎಚ್ಚರದಿಂದ ಮಾಡಿದವು. ಈ ಎರಡನ್ನೂ ಒಟ್ಟಿಗೆ ಒಪ್ಪಿಸುವ, ಎಲ್ಲರೂ ಒಪ್ಪಿದ ವಿವರಣೆ ಇನ್ನೂ ಬಂದಿಲ್ಲ.