ಪವರ್ ಇಳಿಸಿದರೆ ಬ್ಯಾಟರಿ ಉಳಿಯುತ್ತಾ?

ಪ್ರಶ್ನೆ: ಸರ್, ಮಣ್ಣಿನ ತೇವ ಅಳೆದು ರೇಡಿಯೋದಲ್ಲಿ ಕಳಿಸೋ ಪುಟ್ಟ ಸಾಧನ, ಅಂದರೆ ನೋಡ್, ಮಾಡಿದ್ದೀನಿ. ಅದರ ರೇಡಿಯೋ ಚಿಪ್ ಸಿಸಿ2420. ಹತ್ತು ನಿಮಿಷಕ್ಕೊಂದು ರೀಡಿಂಗ್ ಕಳಿಸುತ್ತೆ, ಅಷ್ಟೇ. ಆದರೂ ಎರಡು ಎಎ ಸೆಲ್ ವಾರ ತುಂಬೋದರೊಳಗೆ ಖಾಲಿ. ಟ್ರಾನ್ಸ್‌ಮಿಟ್ ಪವರ್ ಎಷ್ಟಕ್ಕೆ ಇಳಿಸಲಿ?

ಉತ್ತರ: ಇಳಿಸಬೇಡಿ. ಪ್ರತಿ ಬ್ಯಾಚ್‌ನಲ್ಲೂ ಇದೇ ಪ್ರಶ್ನೆ, ನನ್ನದೂ ಇದೇ ಉತ್ತರ.

ಕಳಿಸೋದಕ್ಕೇ ಕರೆಂಟ್ ಬೇಕು, ಕೇಳೋದು ಪುಕ್ಕಟೆ ಅನ್ನೋ ನಂಬಿಕೆ ನಮಗೆ ಬಂದಿದ್ದು ಆಕಾಶವಾಣಿ ಕಾಲದಿಂದ. ಅಲ್ಲಿ ಟ್ರಾನ್ಸ್‌ಮಿಟರ್‌ಗೆ ಕಿಲೋವ್ಯಾಟ್‌ಗಟ್ಟಲೆ ಬೇಕು, ಮನೆಯ ಟ್ರಾನ್ಸಿಸ್ಟರ್‌ಗೆ ಎರಡು ಸೆಲ್ ಸಾಕು. ನಿಮ್ಮ ಚಿಪ್ ಗಾಳಿಗೆ ಬಿಡೋದು ಹೆಚ್ಚೆಂದರೆ 1 ಮಿಲಿವ್ಯಾಟ್. ಚಿಪ್ ತಯಾರಕರ ವಿವರಪಟ್ಟಿ, ಅಂದರೆ ಡೇಟಾಶೀಟ್, ತೆಗೆಯಿರಿ: ಪೂರ್ತಿ ಪವರ್‌ನಲ್ಲಿ ಕಳಿಸುವಾಗ 17.4 ಮಿಲಿಆಂಪ್, ಕೇಳುವಾಗ 18.8. ಹೌದು, ಕೇಳೋದೇ ಜಾಸ್ತಿ! ಯಾರೂ ಮಾತಾಡದಿದ್ದರೂ ಆಂಪ್ಲಿಫೈಯರ್, ಮಿಕ್ಸರ್, ಡಿಮಾಡ್ಯುಲೇಟರ್ ಎಲ್ಲವೂ ಓಡುತ್ತಲೇ ಇರಬೇಕಲ್ಲ.

ಈಗ ಲೆಕ್ಕ. ಒಂದು ಸಲಕ್ಕೆ ಕಳಿಸೋ ಡೇಟಾದ ಕಟ್ಟು ಅಂದರೆ ಪ್ಯಾಕೆಟ್; ಅತಿ ಉದ್ದದ್ದಕ್ಕೂ 4 ಮಿಲಿಸೆಕೆಂಡ್ ಚಿಲ್ಲರೆ ಸಾಕು. ದಿನಕ್ಕೆ 144 ಪ್ಯಾಕೆಟ್ ಅಂದರೆ ಮುಕ್ಕಾಲು ಸೆಕೆಂಡೂ ಆಗಲ್ಲ. ಉಳಿದ 86,399 ಸೆಕೆಂಡ್ ನಿಮ್ಮ ರೇಡಿಯೋ ಕಿವಿ ನೆಟ್ಟು ಕೂತಿದೆ. 2,500 ಮಿಲಿಆಂಪ್-ಅವರ್ ಸೆಲ್ಲನ್ನು 18.8ರಿಂದ ಭಾಗಿಸಿ: 133 ಗಂಟೆ, ಐದೂವರೆ ದಿನ. ನಿಮ್ಮ ವಾರ ಎಲ್ಲಿ ಹೋಯಿತು ಅಂತ ಗೊತ್ತಾಯಿತಲ್ಲ? ಒಬ್ಬ ಹುಡುಗ ನನ್ನ ಮುಂದೆಯೇ ಪವರ್ ಅತಿ ಕಡಿಮೆಗೆ ಇಳಿಸಿ ಮಲ್ಟಿಮೀಟರ್ ನೋಡುತ್ತ ಕೂತ. 20ರ ಆಸುಪಾಸಿನ ಅಂಕಿ ಮಿಸುಕಲಿಲ್ಲ. ಮೀಟರ್ ಕೆಟ್ಟಿದೆ ಅಂತ ಇನ್ನೊಂದು ತಂದ, ಪಾಪ. ಪವರ್ ಇಳಿಸಿದರೆ ಪ್ಯಾಕೆಟ್ ತಪ್ಪಿ ಮತ್ತೆ ಮತ್ತೆ ಕಳಿಸಬೇಕಾಗೋದು ಬೇರೆ.

ಮಾಡಬೇಕಾದ್ದು ಇಷ್ಟೇ: ರೇಡಿಯೋ ಮಲಗಿಸಿ. ಬರೀ ವರದಿ ಒಪ್ಪಿಸೋ ನೋಡ್ ಆದರೆ ಕಳಿಸಿ, ಉತ್ತರಕ್ಕೆ ಸ್ವಲ್ಪ ಹೊತ್ತು ಕಾದು, ಆಫ್. ದೂರದ ಸೆನ್ಸರ್‌ಗಳಿಗೆ ಬಳಸೋ ಲೋರಾವ್ಯಾನ್ ಅನ್ನೋ ರೇಡಿಯೋ ಜಾಲದಲ್ಲಿ ಕ್ಲಾಸ್ ಎ ಸಾಧನ ಮಾಡೋದೂ ಅದನ್ನೇ. ನಡುವೆ ಆಜ್ಞೆ ಬರಬೇಕಿದ್ದರೆ ಅರ್ಧ ಸೆಕೆಂಡಿಗೊಮ್ಮೆ ಐದು ಮಿಲಿಸೆಕೆಂಡ್ ಎದ್ದು ಚಾನೆಲ್ ಮೂಸಿ ಮಲಗಲಿ. ಆಜ್ಞೆ ಕಳಿಸುವವನು ನೋಡ್ ಏಳೋವರೆಗೂ ಕರೆಯುತ್ತಿರಲಿ. ಕೇಳೋ ಖರ್ಚು ನೂರಕ್ಕೊಂದು ಪಾಲಿಗೆ ಇಳಿಯುತ್ತೆ.

"ಇಬ್ಬರೂ ಒಂದೇ ಹೊತ್ತಿಗೆ ಎದ್ದರೆ ಕರೆಯೋದೂ ಬೇಡವಲ್ಲ?" ನೀವು ಕೇಳಲಿಲ್ಲ, ಆದರೂ ಹೇಳುತ್ತೀನಿ. ನೋಡ್‌ನ ಗಡಿಯಾರ ಕೈಗಡಿಯಾರದ ಅದೇ 32.768 ಕಿಲೋಹರ್ಟ್ಸ್ ಹರಳು. ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ಹತ್ತು ನಿಮಿಷಕ್ಕೆ 12 ಮಿಲಿಸೆಕೆಂಡ್. ಒಂದು ಮುಂದೆ, ಒಂದು ಹಿಂದೆ ಓಡಿದರೆ 24. ನಾಲ್ಕು ಮಿಲಿಸೆಕೆಂಡಿನ ಪ್ಯಾಕೆಟ್‌ಗೆ ಅಷ್ಟು ಮೊದಲೇ ಎದ್ದು ಕಾಯಬೇಕು. ಸಾಲದ್ದಕ್ಕೆ, ಈ ಹರಳು ಬಿಸಿಯಾದರೂ ತಣ್ಣಗಾದರೂ ನಿಧಾನ. ಹಾಗಾಗಿ ಬಿಸಿಲಿಗಿಟ್ಟ ನೋಡ್ ಮಧ್ಯಾಹ್ನ ಮಾತ್ರ ನಾಪತ್ತೆಯಾಗುತ್ತಿದ್ದರೆ ಆಂಟೆನಾ ಬಿಚ್ಚೋಕೆ ಹೋಗಬೇಡಿ, ಮೊದಲು ಗಡಿಯಾರವನ್ನು ಅನುಮಾನಿಸಿ.