ಮೂತ್ರದ ಪಾತ್ರೆಯಲ್ಲಿ ಶಾಂಪೇನ್ ಕುಡಿಯುವ ರೆಜಿಮೆಂಟ್ ನಿಜಕ್ಕೂ ಇದೆಯಾ?

ಪ್ರಶ್ನೆ: ಬ್ರಿಟಿಷ್ ಸೈನ್ಯದ ಒಂದು ಕುದುರೆ ದಳದ ಅಧಿಕಾರಿಗಳು ಯಾವುದೋ ರಾಜನ ಮೂತ್ರದ ಪಾತ್ರೆಯಲ್ಲಿ ಶಾಂಪೇನ್ ಕುಡಿಯುತ್ತಾರಂತೆ. ಯಾರೋ ಸುಮ್ನೆ ಕಟ್ಟಿದ ಕಥೆ ಅಲ್ವಾ ಇದು? ನಿಜವಾದರೆ ತೊಳೆದಿದ್ದಾರೆ ತಾನೇ?

ಉತ್ತರ: ಕಟ್ಟಿದ ಕಥೆಯಲ್ಲ. ಪಾತ್ರೆ ಇದೆ, ಬೆಳ್ಳಿಯದು, ಅದಕ್ಕೊಂದು ಹೆಸರೂ ಇದೆ: 'ದಿ ಎಂಪರರ್', ಅಂದರೆ ಚಕ್ರವರ್ತಿ. ಈಗ ಅದು ಕಿಂಗ್ಸ್ ರಾಯಲ್ ಹುಸ್ಸಾರ್ಸ್ ಎಂಬ ರೆಜಿಮೆಂಟಿನ ಸೊತ್ತು. ಅಧಿಕಾರಿಗಳ ಮೆಸ್‌ನಲ್ಲಿ ವಿಶೇಷ ಊಟದ ರಾತ್ರಿ ಅದಕ್ಕೆ ಶಾಂಪೇನ್ ಸುರಿದು ಕುಡಿಯುವ ಪದ್ಧತಿ. ತೊಳೆಯುವ ವಿಷಯಕ್ಕೆ ಆಮೇಲೆ ಬರ್ತೀನಿ.

1813ರ ಜೂನ್ 21. ಸ್ಪೇನ್ ದೇಶದ ಉತ್ತರದಲ್ಲಿ ವಿಟೋರಿಯಾ ಎಂಬ ಊರು. ಫ್ರಾನ್ಸಿನ ಚಕ್ರವರ್ತಿ ನೆಪೋಲಿಯನ್ ತನ್ನ ಅಣ್ಣ ಜೋಸೆಫ್‌ನನ್ನು 1808ರಲ್ಲಿ ಸ್ಪೇನಿನ ಸಿಂಹಾಸನದ ಮೇಲೆ ಕೂರಿಸಿದ್ದ. ಜನರಿಗೆ ಅವನು ಬೇಡವಾಗಿದ್ದ. ಐದು ವರ್ಷ ಹೇಗೋ ತಳ್ಳಿ, ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಫ್ರಾನ್ಸ್ ಕಡೆ ಹೊರಟಿದ್ದವನನ್ನು ಬ್ರಿಟಿಷ್ ಸೇನಾಪತಿ ವೆಲಿಂಗ್ಟನ್‌ನ ಸೈನ್ಯ ವಿಟೋರಿಯಾದಲ್ಲಿ ಹಿಡಿದು ಬಡಿಯಿತು. ಗಂಟುಮೂಟೆ ಅಂದರೆ ಒಂದೆರಡು ಗಾಡಿ ಅಲ್ಲ. ಅರಮನೆಯ ಬೆಳ್ಳಿ ಸಾಮಾನು, ಸೈನ್ಯದ ಸಂಬಳದ ಹಣದ ಪೆಟ್ಟಿಗೆಗಳು, ಚೌಕಟ್ಟಿನಿಂದ ಬಿಚ್ಚಿ ಚಾಪೆ ಥರ ಸುತ್ತಿಟ್ಟ ಚಿತ್ರಪಟಗಳು, ಇವನ್ನೆಲ್ಲ ಹೊತ್ತ ಗಾಡಿಗಳ ಸಾಲು ರಸ್ತೆ ತುಂಬಾ ನಿಂತುಬಿಟ್ಟಿತ್ತು. ಹಿಂದೆ ಹೋಗಲು ಜಾಗವಿಲ್ಲ, ಮುಂದೆ ಹೋಗಲೂ ಇಲ್ಲ. ಬ್ರಿಟಿಷ್ ರಾವುತರು ತನ್ನ ಸಾರೋಟಿನ ಹತ್ತಿರ ಬಂದಾಗ ಜೋಸೆಫ್ ಇನ್ನೊಂದು ಬಾಗಿಲಿನಿಂದ ಹಾರಿ, ಕುದುರೆ ಏರಿ ಓಡಿದ ಎನ್ನುತ್ತಾರೆ. ಜೀವ ಉಳಿಯಿತು, ಸಾಮಾನು ಹೋಯಿತು. 14ನೇ ಲೈಟ್ ಡ್ರಗೂನ್ಸ್ ಎಂಬ ಕುದುರೆ ದಳದವರಿಗೆ ಸಿಕ್ಕಿದ್ದು ಅವನ ಬೆಳ್ಳಿಯ ಮೂತ್ರದ ಪಾತ್ರೆ. ತಮ್ಮನೇ ಉಡುಗೊರೆಯಾಗಿ ಕೊಟ್ಟಿದ್ದು ಎಂಬ ಮಾತಿದೆ, ಅದಕ್ಕೇ ಆ ಹೆಸರು.

ಉಳಿದ ಸೈನ್ಯ ಆವತ್ತು ಮಾಡಿದ್ದು ಶುದ್ಧ ಸುಲಿಗೆ. ಸೋತ ಶತ್ರುವನ್ನು ಅಟ್ಟಿಸಿಕೊಂಡು ಹೋಗುವುದು ಬಿಟ್ಟು ಗಾಡಿಗಳಿಗೆ ಮುತ್ತಿಕೊಂಡರು. ವೆಲಿಂಗ್ಟನ್‌ಗೆ ಎಷ್ಟು ಸಿಟ್ಟು ಬಂತೆಂದರೆ, ತನ್ನ ಸಿಪಾಯಿಗಳನ್ನು 'ಭೂಮಿಯ ಮೇಲಿನ ಕಸ' ಎಂಬ ಅರ್ಥದಲ್ಲಿ ಬೈದು ಮಂತ್ರಿಗೆ ಪತ್ರ ಬರೆದ. ಆದರೆ ಸುತ್ತಿಟ್ಟ ಆ ಚಿತ್ರಗಳು? ಅವು ಇವನ ಕೈಗೇ ಬಂದವು. ವಾಪಸ್ ಕೊಡುತ್ತೇನೆಂದು ಕೇಳಿದ್ದೇನೋ ನಿಜ, ಸ್ಪೇನಿನ ರಾಜ ಇಟ್ಟುಕೋ ಎಂದ. ಎಂಬತ್ತಕ್ಕೂ ಜಾಸ್ತಿ ಚಿತ್ರಗಳು ಇವತ್ತಿಗೂ ಲಂಡನ್ನಿನ ಆಪ್ಸ್‌ಲಿ ಹೌಸ್‌ನಲ್ಲಿ, ಅಂದರೆ ಅವನ ಮನೆಯಲ್ಲೇ ಇವೆ. ಸಿಪಾಯಿ ದೋಚಿದರೆ ಕಸ, ಸೇನಾಪತಿಗೆ ಸಿಕ್ಕರೆ ಕಾಣಿಕೆ!

ಅಂದಹಾಗೆ ಈ ವೆಲಿಂಗ್ಟನ್ ನಮಗೆ ಹೊಸಬನಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಉಸ್ತುವಾರಿ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಇವನೇ. ಮರುವರ್ಷ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ಸೀಮೆಯಲ್ಲಿ ಬಂಡುಕೋರ ಧೋಂಡಿಯಾ ವಾಘ್‌ನನ್ನು ಬೆನ್ನಟ್ಟಿ ಮುಗಿಸಿದ್ದೂ ಕುದುರೆ ದಳಗಳಿಂದಲೇ. ಅವು 14ನೆಯದಲ್ಲ, 19 ಮತ್ತು 25ನೇ ಲೈಟ್ ಡ್ರಗೂನ್ಸ್, ಜೊತೆಗೆ ಮದ್ರಾಸಿನ ಎರಡು ದೇಶೀ ದಳಗಳು.

ಸರಿ, ಪಾತ್ರೆಗೆ ಬರೋಣ. ಬೇರೆ ರೆಜಿಮೆಂಟಿನವರು ಸುಮ್ಮನಿರುತ್ತಾರಾ? 14ನೆಯವರಿಗೆ 'ಎಂಪರರ್ಸ್ ಚೇಂಬರ್‌ಮೇಡ್ಸ್' ಎಂದು ಅಡ್ಡಹೆಸರಿಟ್ಟರು. ಚಕ್ರವರ್ತಿಯ ಮಲಗುವ ಕೋಣೆ ಗುಡಿಸಿ, ಬೆಳಿಗ್ಗೆ ಆ ಪಾತ್ರೆ ಚೆಲ್ಲಿ ಬರುವ ಕೆಲಸದವಳು ಎಂದರ್ಥ. ಇವರು ನಾಚಿಕೊಂಡು ಪಾತ್ರೆ ಕರಗಿಸಲಿಲ್ಲ. ಊಟದ ಮೇಜಿನ ಮೇಲಿಟ್ಟು ಅದರಲ್ಲೇ ಕುಡಿದರು. ನನ್ನ ಲೆಕ್ಕದಲ್ಲಿ ಗಮ್ಮತ್ತು ಇರುವುದು ಇಲ್ಲೇ. ಅಣಕಿಸುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆ ಉಪಾಯ ಯಾವುದಿದೆ?

ಇನ್ನೊಂದು ಸ್ವಾರಸ್ಯ ಇದೆ. ಬ್ರಿಟನ್ ತನ್ನ ಸೈನ್ಯ ಚಿಕ್ಕದು ಮಾಡಿದಾಗಲೆಲ್ಲ ದಳಗಳನ್ನು ಒಂದರೊಳಗೊಂದು ಸೇರಿಸುತ್ತಾ ಬಂತು. 1922ರಲ್ಲಿ 14ನೆಯದು 20ನೇ ಹುಸ್ಸಾರ್ಸ್ ಜೊತೆ ಸೇರಿತು. ಆ 20ನೆಯದರ ಮೂಲ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಕಟ್ಟಿದ ಯುರೋಪಿಯನ್ ಕುದುರೆ ದಳ. 1969ರಲ್ಲಿ 10 ಮತ್ತು 11ನೇ ಹುಸ್ಸಾರ್ಸ್ ಒಂದಾಗಿದ್ದವು. 1992ರಲ್ಲಿ ಇವೆಲ್ಲ ಸೇರಿ ಕಿಂಗ್ಸ್ ರಾಯಲ್ ಹುಸ್ಸಾರ್ಸ್. ಕೂಡುಕುಟುಂಬಕ್ಕೆ ಬಂದ ಸೊಸೆಯರು ತಮ್ಮ ತಮ್ಮ ತವರಿನ ಪಾತ್ರೆ ಪಗಡ ತಂದಂತೆ, ಒಬ್ಬೊಬ್ಬರದೂ ಒಂದೊಂದು ಪದ್ಧತಿ ಒಳಗೆ ಬಂತು. 11ನೆಯವರು ತಂದಿದ್ದು ಕಡುಗೆಂಪು ಪ್ಯಾಂಟು. 1840ರಲ್ಲಿ ವಿಕ್ಟೋರಿಯಾ ರಾಣಿಯನ್ನು ಮದುವೆಯಾಗಲು ಬಂದ ಆಲ್ಬರ್ಟ್‌ನನ್ನು ಡೋವರ್‌ನಿಂದ ಕ್ಯಾಂಟರ್ಬರಿಗೆ ಕರೆದೊಯ್ದ ಕಾವಲುದಳ ಅವರದು. ಅದಕ್ಕೆ ಅವನ ಹೆಸರೂ ಸಿಕ್ಕಿತು, ಬಣ್ಣವೂ ಸಿಕ್ಕಿತು. 'ಚೆರ್ರಿ ಪಿಕರ್ಸ್' ಎಂಬ ಅಡ್ಡಹೆಸರಿಗೆ ಮಾತ್ರ ಪ್ಯಾಂಟು ಕಾರಣವಲ್ಲ, ಅದು 1811ರದು. ಸ್ಪೇನಿನ ಒಂದು ಚೆರ್ರಿ ಹಣ್ಣಿನ ತೋಟದಲ್ಲಿ ಇದ್ದಾಗ ಫ್ರೆಂಚರು ಅವರ ಮೇಲೆ ಬಿದ್ದಿದ್ದರು.

14/20ನೆಯವರ ಕಡೆಯಿಂದ ತೋಳಿನ ಮೇಲೆ ಎರಡು ಅಡ್ಡ ಖುಕ್ರಿಗಳ ಗುರುತು ಬಂತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1945ರ ಏಪ್ರಿಲ್‌ನಲ್ಲಿ, ಇಟಲಿಯ ಮೆಡಿಸಿನಾ ಎಂಬ ಊರನ್ನು ಅವರ ಟ್ಯಾಂಕುಗಳೂ 6ನೇ ಗೂರ್ಖಾ ರೈಫಲ್ಸ್ ಸೈನಿಕರೂ ಜೊತೆಯಾಗಿ ನುಗ್ಗಿ ಗೆದ್ದರು. ಆ ಸ್ನೇಹದ ಗುರುತು ಅದು. ನನ್ನನ್ನು ಕೇಳಿದರೆ ಬೆಳ್ಳಿ ಪಾತ್ರೆಗಿಂತ ಇದಕ್ಕೇ ತೂಕ ಜಾಸ್ತಿ, ಆದರೆ ಇದರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ!

ಇನ್ನು ತೊಳೆಯುವ ವಿಷಯ. ನಮ್ಮ ಮಡಿ ಮೈಲಿಗೆ ಲೆಕ್ಕದಲ್ಲಿ ಹುಣಸೆಹಣ್ಣು ಹಾಕಿ ನೂರು ಸಲ ಉಜ್ಜಿದರೂ ಅಜ್ಜಿ ಅದನ್ನು ಅಡುಗೆಮನೆಯೊಳಗೆ ಬಿಡುತ್ತಿರಲಿಲ್ಲ. ಅವರಾದರೋ ಇನ್ನೂರು ವರ್ಷದಿಂದ ಶಾಂಪೇನ್‌ನಲ್ಲೇ ತೊಳೆಯುತ್ತಿದ್ದಾರೆ.