ಮುಂಜಾನೆ, ಎಂಜಿನ್ ತಣ್ಣಗಿರುವಾಗ

ಹಳೆಯ ಪರ್ಫಾರ್ಮೆನ್ಸ್ ಸೆಡಾನ್ (ಹೆಚ್ಚು ಶಕ್ತಿಯ ಎಂಜಿನ್ ಇರುವ ನಾಲ್ಕು ಬಾಗಿಲಿನ ಕಾರು) ಒಂದನ್ನು ನೋಡಲು ಹೋದಾಗ ನಾನು ಮೊದಲು ಮಾಡುವ ಕೆಲಸ ಬಾನೆಟ್ ಮೇಲೆ ಅಂಗೈ ಇಡುವುದು. ಬಣ್ಣ, ಚಕ್ರ, ಚರ್ಮದ ಸೀಟು ಎಲ್ಲವೂ ಆಮೇಲೆ. ಬಾನೆಟ್ ಬೆಚ್ಚಗಿದ್ದರೆ ಅಂದು ಕಾರು ನೋಡುವುದಿಲ್ಲ. 'ನಾಳೆ ಬೆಳಿಗ್ಗೆ ಬರುತ್ತೇನೆ, ನಾನು ಬರುವವರೆಗೆ ದಯವಿಟ್ಟು ಸ್ಟಾರ್ಟ್ ಮಾಡಬೇಡಿ' ಎಂದು ಹೇಳಿ ಹಿಂದಿರುಗುತ್ತೇನೆ. ಮಾರುವವರು ಬೇಸರಪಟ್ಟುಕೊಳ್ಳುವುದುಂಟು. ಆದರೂ ಈ ಒಂದು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ರಾತ್ರಿಯಿಡೀ ನಿಂತ ಎಂಜಿನ್ ಎಚ್ಚರವಾಗುವ ಮೊದಲ ಹತ್ತು ಸೆಕೆಂಡುಗಳಲ್ಲಿ ಹೇಳುವಷ್ಟನ್ನು ಅರ್ಧ ಗಂಟೆಯ ಟೆಸ್ಟ್ ಡ್ರೈವ್ ಹೇಳುವುದಿಲ್ಲ.

ಕಾರು ನಿಂತಾಗ ಆಯಿಲ್ ನಿಧಾನವಾಗಿ ತಳಕ್ಕೆ ಇಳಿಯುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ಹೊಂದಿಸುವ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಟೆನ್ಷನರ್ ಸೋತಿದ್ದರೆ ಅಥವಾ ಚೈನನ್ನು ಅದರ ದಾರಿಯಲ್ಲಿಡುವ ಗೈಡ್ ಸವೆದಿದ್ದರೆ ಒತ್ತಡ ಏರುವವರೆಗೆ ಗಡಗಡ ಸದ್ದು ಕೇಳುತ್ತದೆ, ಆಮೇಲೆ ಅಡಗುತ್ತದೆ. ವಾಲ್ವ್ ಸೀಲುಗಳು ಗಟ್ಟಿಯಾಗಿದ್ದರೆ ರಾತ್ರಿ ಹನಿಹನಿಯಾಗಿ ಜಾರಿದ ಆಯಿಲ್ ಸ್ಟಾರ್ಟ್ ಮಾಡಿದ ಕ್ಷಣದಲ್ಲೇ ಸೈಲೆನ್ಸರ್‌ನಿಂದ ನೀಲಿ ಹೊಗೆಯಾಗಿ ಹೊರಬಂದು, ನಿಮಿಷದೊಳಗೆ ಮಾಯವಾಗುತ್ತದೆ. ಬಿಸಿಯಾದ ಎಂಜಿನ್‌ನಲ್ಲಿ ಇವೆರಡೂ ಕೈಗೆ ಸಿಗುವುದಿಲ್ಲ. ಚಳಿಗೆ ಕಾಣುವ ತೆಳುವಾದ ಬಿಳಿ ಆವಿಗೆ ಹೆದರಬೇಕಿಲ್ಲ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ ಸಿಹಿ ವಾಸನೆ ಬರುತ್ತಿದ್ದರೆ ಮಾತ್ರ ಎಂಜಿನನ್ನು ತಂಪಾಗಿಡುವ ದ್ರವವಾದ ಕೂಲಂಟ್ ಸಿಲಿಂಡರ್‌ಗೆ ನುಗ್ಗುತ್ತಿದೆ ಎಂದು ತಿಳಿಯಬೇಕು.

ಕೆಲವು ವರ್ಷಗಳ ಹಿಂದೆ ಯುವಕರೊಬ್ಬರು ಎಂಟು ಸಿಲಿಂಡರ್‌ನ ಸೆಡಾನ್ ಕೊಂಡರು. ಸಂಜೆ ಹೋಗಿ ನೋಡಿದ್ದರು, ಎಂಜಿನ್ ಆಗಲೇ ಓಡುತ್ತಿತ್ತು, ಸದ್ದು ನಯವಾಗಿತ್ತು. ಮರುದಿನ ಬೆಳಿಗ್ಗೆ ನನಗೆ ಕರೆ ಮಾಡಿ, ಮೊಬೈಲನ್ನು ಎಂಜಿನ್ ಪಕ್ಕ ಹಿಡಿದು, 'ಸರ್, ಇದೇನು ಸದ್ದು?' ಎಂದು ಕೇಳಿದರು. ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂಥ ಸದ್ದು. ಕೂಡಲೇ ಆಫ್ ಮಾಡಿಸಿದೆ. ವರ್ಕ್‌ಶಾಪ್‌ನಲ್ಲಿ ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್ ಬಿಚ್ಚಿದಾಗ ತಳದಲ್ಲಿ ಉಗುರಿನಷ್ಟು ದೊಡ್ಡ ಕಂದು ಪ್ಲಾಸ್ಟಿಕ್ ಚೂರುಗಳು ಬಿದ್ದಿದ್ದವು. ಒಂದನ್ನು ಎತ್ತಿ ಬೆರಳಿನಿಂದ ಒತ್ತಿದರೆ ಪಟ್ ಎಂದು ಮುರಿಯಿತು. ಚೈನ್ ಗೈಡ್ ಅದು, ವರ್ಷಗಳ ಕಾಲ ಕಾದ ಆಯಿಲ್‌ನಲ್ಲಿ ಬೆಂದು ಜೀವ ಕಳೆದುಕೊಂಡಿತ್ತು. ಅವರ ಕೈಯಲ್ಲಿದ್ದ ಹಣವೆಲ್ಲ ಖರೀದಿಗೇ ಮುಗಿದಿತ್ತು. ಕಾರು ಏಳು ತಿಂಗಳು ಹೊದಿಕೆಯ ಕೆಳಗೆ ನಿಂತಿತು. ಆ ಮುಖ ನನಗೆ ಇಂದಿಗೂ ನೆನಪಿದೆ.

ಇಂಥ ಕಾರಿನ ಮಾರಾಟದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ, ಕೆಲಸದ ಗಂಟೆಗಳೂ ಕಡಿಮೆಯಾಗುವುದಿಲ್ಲ. 2005ರಲ್ಲಿ ಮಾರುಕಟ್ಟೆಗೆ ಬಂದ ಬಿಎಂಡಬ್ಲ್ಯು ಇ60 ಪೀಳಿಗೆಯ ಎಂ5ನಲ್ಲಿ 5 ಲೀಟರ್‌ನ ಹತ್ತು ಸಿಲಿಂಡರ್ ಎಂಜಿನ್ ಇದೆ. 507 ಅಶ್ವಶಕ್ತಿ, ನಿಮಿಷಕ್ಕೆ 8,000 ಸುತ್ತು ದಾಟುವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ). ಇಂದು ಅದು ಸಾಧಾರಣ ಹೊಸ ಕಾರಿನ ಬೆಲೆಗೆ ಸಿಕ್ಕರೂ ಅದರ ಬ್ರೇಕ್ ಡಿಸ್ಕಿಗೆ, ಕ್ಲಚ್ಚಿಗೆ ಆ ಸಂಗತಿ ಗೊತ್ತಿಲ್ಲ. ಆದ್ದರಿಂದ ನನ್ನ ಬಳಿ ಸಲಹೆ ಕೇಳುವವರಿಗೆ, ಕೈಯಲ್ಲಿರುವ ಹಣದಲ್ಲಿ ಮೂರನೇ ಒಂದು ಭಾಗವನ್ನು ಖರೀದಿಯ ದಿನ ಮುಟ್ಟಲೇಬೇಡಿ ಎನ್ನುತ್ತೇನೆ. ಅಷ್ಟು ತೆಗೆದಿಟ್ಟ ಮೇಲೆ ಆ ಕಾರು ಎಟುಕದಿದ್ದರೆ ಒಂದು ಮೆಟ್ಟಿಲು ಕೆಳಗಿನ, ಆದರೆ ಚೆನ್ನಾಗಿ ಸಾಕಿದ ಕಾರನ್ನು ಕೊಳ್ಳಿ.

ಪ್ರತಿ ಮಾದರಿಗೂ ಒಂದು ಜಾತಕವಿದೆ, ನೋಡಲು ಹೋಗುವ ಮುಂಚೆಯೇ ಅದನ್ನು ಓದಿಕೊಂಡಿರಬೇಕು. ಇ60 ಎಂ5ನಲ್ಲಿ ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಸೇರುವ ಜಾಗದ ಕನೆಕ್ಟಿಂಗ್ ರಾಡ್ ಬೇರಿಂಗ್‌ಗಳು ಸವೆಯುತ್ತವೆ, ಎಂಜಿನ್‌ಗೆ ಗಾಳಿ ಬಿಡುವ ಕವಾಟಗಳನ್ನು ತೆರೆಯುವ ಥ್ರಾಟಲ್ ಆಕ್ಚುಯೇಟರ್‌ಗಳು ಕೆಡುತ್ತವೆ. ಬೇರಿಂಗ್ ಬದಲಿಸಿದ ಬಿಲ್ ಇದ್ದರೆ ಆ ಕಾರಿಗೆ ಸ್ವಲ್ಪ ಹೆಚ್ಚು ಕೊಡುವುದರಲ್ಲಿ ತಪ್ಪಿಲ್ಲ. ಆಡಿ ಆರ್‌ಎಸ್4ನ ಬಿ7 ಪೀಳಿಗೆಯಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರ್ ಒಳಗೆ ಚಿಮ್ಮುತ್ತದೆ, ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುತ್ತ ಹೋಗುವುದಿಲ್ಲ. ಹಾಗಾಗಿ ವಾಲ್ವ್‌ಗಳ ಬೆನ್ನಿಗೆ ಇಂಗಾಲ ಕಟ್ಟಿಕೊಂಡು ಶಕ್ತಿ ಕುಗ್ಗುತ್ತದೆ. ಚೊಕ್ಕ ಮಾಡಿಸಬಹುದು, ಮತ್ತೆ ಕಟ್ಟಿಕೊಳ್ಳುತ್ತದೆ. ಆಡಿಯದೇ, ಅದಕ್ಕೂ ಹಿಂದಿನ ಬಿ5 ಪೀಳಿಗೆಯ ಎಸ್4ನ 2.7 ಲೀಟರ್ ಎಂಜಿನ್‌ಗೆ ಒತ್ತಿ ಗಾಳಿ ತುಂಬುವ ಎರಡು ಟರ್ಬೊಗಳಿವೆ, ಎರಡೂ ಇಕ್ಕಟ್ಟಿನಲ್ಲಿ ಕುಳಿತಿವೆ. ಅವುಗಳನ್ನು ಬದಲಿಸಬೇಕಾದರೆ ಸಾಮಾನ್ಯವಾಗಿ ಎಂಜಿನನ್ನೇ ಹೊರತೆಗೆಯುತ್ತಾರೆ. ಮಿತ್ಸುಬಿಷಿ ಲ್ಯಾನ್ಸರ್ ಎವೊಲ್ಯೂಷನ್‌ನ 4ಜಿ63 ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟಿನ ಹಿಂದೆ ಕಂಪನ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಸಣ್ಣ ಬೆಲ್ಟ್ ಒಂದಿದೆ. ಅದು ತುಂಡಾಗಿ ಚೂರು ದೊಡ್ಡ ಬೆಲ್ಟಿಗೆ ಸಿಕ್ಕಿಕೊಂಡರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿಯುತ್ತವೆ. ಬೆಲ್ಟ್ ಬದಲಿಸಿದ್ದೇವೆ ಎನ್ನುವವರನ್ನು 'ಎರಡನ್ನೂ ಬದಲಿಸಿದ್ದೀರಾ?' ಎಂದು ಕೇಳಬೇಕು.

ನನಗೆ ಅತ್ಯಂತ ಪ್ರಿಯವಾದದ್ದು 1990ರ ದಶಕದ ಆರಂಭದ ಮರ್ಸಿಡಿಸ್ 500ಇ, ಪೋರ್ಷೆ ಕಂಪನಿಯ ಕೈಯೂ ಸೇರಿ ತಯಾರಾದ ಗಾಡಿ. ಆ ಕಾಲದ ಹಲವು ಮರ್ಸಿಡಿಸ್‌ಗಳಂತೆ ಅದರ ಎಂಜಿನ್ ವೈರಿಂಗ್‌ನ ಹೊದಿಕೆ ಬಿಸಿಗೆ ಒಣಗಿ ಉದುರುತ್ತದೆ. ಹೊರಗಿನ ಕವಚವನ್ನು ಮೆಲ್ಲನೆ ಸರಿಸಿ ತಂತಿಯನ್ನು ತುಸು ಬಾಗಿಸಿದರೆ ಹೊದಿಕೆ ತರಗೆಲೆಯಂತೆ ಪುಡಿಯಾಗಿ ತಾಮ್ರ ಇಣುಕುತ್ತದೆ. ಹೀಗಾಗಿದ್ದರೆ ಎಂಜಿನ್ ಒಮ್ಮೆ ಚೆನ್ನಾಗಿ ಓಡುತ್ತದೆ, ಇನ್ನೊಮ್ಮೆ ತಡವರಿಸುತ್ತದೆ, ಮಾಲೀಕರು ಸೆನ್ಸರ್ ಮೇಲೆ ಸೆನ್ಸರ್ ಬದಲಿಸುತ್ತ ಹೋಗುತ್ತಾರೆ. ಹೊಸ ವೈರಿಂಗ್ ಹಾಕಿದ ಕಾರನ್ನೇ ಹುಡುಕಿ.

ಕಡಿಮೆ ಓಡಿದ ಕಾರೇ ಒಳ್ಳೆಯ ಕಾರು ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ನನ್ನ ಅನುಭವ ಬೇರೆ. ರಬ್ಬರ್, ಪ್ಲಾಸ್ಟಿಕ್ ಮತ್ತು ದ್ರವಗಳು ಕಿಲೋಮೀಟರ್ ಎಣಿಸುವುದಿಲ್ಲ, ವರ್ಷ ಎಣಿಸುತ್ತವೆ. ಇಪ್ಪತ್ತು ವರ್ಷದಲ್ಲಿ ಮೂವತ್ತು ಸಾವಿರ ಕಿಲೋಮೀಟರ್ ಮಾತ್ರ ಓಡಿದ ಕಾರಿನಲ್ಲಿ ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಸಿಕ್ಕಿಕೊಂಡಿರುತ್ತದೆ, ಸಸ್ಪೆನ್ಷನ್ ಬುಷ್‌ಗಳು ಬಿರುಕು ಬಿಟ್ಟಿರುತ್ತವೆ, ಟ್ಯಾಂಕಿನ ಪೆಟ್ರೋಲ್ ಹಳಸಿರುತ್ತದೆ. ವಾರಕ್ಕೆರಡು ಬಾರಿಯಾದರೂ ದೂರ ಓಡಿ, ಕಾಲಕಾಲಕ್ಕೆ ಸರ್ವಿಸ್ ಕಂಡ ಒಂದೂವರೆ ಲಕ್ಷ ಕಿಲೋಮೀಟರಿನ ಕಾರು ಅದಕ್ಕಿಂತ ಎಷ್ಟೋ ಮೇಲು. ಟೈರಿನ ಪಕ್ಕದಲ್ಲಿ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳನ್ನು ಓದಿ. 2316 ಎಂದಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಆ ಟೈರಿಗೆ ಗ್ರಿಪ್ಪು ಎಷ್ಟೇ ಉಳಿದಂತೆ ಕಂಡರೂ ಇಷ್ಟು ಶಕ್ತಿಯ ಕಾರಿಗೆ ಅದು ಬೇಡ. ನಾಲ್ಕು ಟೈರುಗಳೂ ಒಂದೇ ಕಂಪನಿಯವಾಗಿದ್ದು ಒಳ್ಳೆಯ ದರ್ಜೆಯವಾಗಿದ್ದರೆ ಮಾಲೀಕರ ಬಗ್ಗೆ ನನಗೆ ತಕ್ಷಣ ಗೌರವ ಮೂಡುತ್ತದೆ. ಟೈರಿನಲ್ಲಿ ಜಿಪುಣತನ ತೋರಿದವರು ಕಣ್ಣಿಗೆ ಕಾಣದ ಜಾಗದಲ್ಲಿ ಉದಾರಿಗಳಾಗಿದ್ದುದನ್ನು ನಾನು ಕಂಡಿಲ್ಲ.

ದಾಖಲೆಗಳ ವಿಷಯದಲ್ಲಿ ಸರ್ವಿಸ್ ಪುಸ್ತಕದ ಮುದ್ರೆಗಳಿಗಿಂತ ಬಿಲ್‌ಗಳನ್ನು ನಂಬಿ. ಯಾವ ಭಾಗ, ಯಾವ ದಿನ, ಎಷ್ಟು ಕಿಲೋಮೀಟರ್ ಎಂದು ಬಿಲ್ ಹೇಳುತ್ತದೆ. ಆ ಅಂಕಿಗಳನ್ನು ಸಾಲಾಗಿ ಜೋಡಿಸಿದರೆ ಮೀಟರ್ ತಿರುಗಿಸಿದ್ದೂ ಬಯಲಾಗುತ್ತದೆ. ಚಾಲಕನ ಸೀಟಿನ ಅಂಚು, ಸ್ಟೀರಿಂಗಿನ ಚರ್ಮ, ಪೆಡಲ್‌ಗಳ ರಬ್ಬರ್ ಇವೂ ಸಾಕ್ಷಿ ನುಡಿಯುತ್ತವೆ. ಸ್ಕ್ಯಾನರ್ ಹಾಕುವಾಗ ದೋಷದ ಕೋಡ್ ಇಲ್ಲ ಎಂಬಷ್ಟಕ್ಕೇ ತೃಪ್ತರಾಗಬೇಡಿ. ಕಾರಿನ ಕಂಪ್ಯೂಟರ್ ನಡೆಸುವ ಸ್ವಯಂ ಪರೀಕ್ಷೆಗಳು ಪೂರ್ಣಗೊಂಡಿವೆಯೇ ನೋಡಿ. ಬಹುಪಾಲು 'ಅಪೂರ್ಣ' ಎಂದಿದ್ದರೆ ಇತ್ತೀಚೆಗಷ್ಟೇ ಕೋಡ್‌ಗಳನ್ನು ಅಳಿಸಿರಬೇಕು, ಇಲ್ಲವೇ ಬ್ಯಾಟರಿ ಬಿಚ್ಚಿರಬೇಕು. ಯಾಕೆ ಎಂದು ನೇರವಾಗಿ ಕೇಳಿ.

ಮಾರ್ಪಾಡು ಮಾಡಿದ ಕಾರುಗಳಿಂದ ನಾನು ದೂರ. ಒಳ್ಳೆಯ ಶಾಕ್ ಅಬ್ಸಾರ್ಬರ್ ಹಾಕಿಸಿದ್ದು ಬೇರೆ ಮಾತು. ಟರ್ಬೊ ಒತ್ತಡ ಏರಿಸಿ, ಎಂಜಿನ್ ಮ್ಯಾಪ್ (ಕಂಪ್ಯೂಟರಿನಲ್ಲಿರುವ ಇಂಧನ, ಕಿಡಿಯ ಲೆಕ್ಕ) ಬದಲಿಸಿ, ಕ್ಲಚ್ ಮತ್ತು ಬ್ರೇಕ್ ಹಳೆಯವೇ ಉಳಿಸಿದ ಕಾರು ಎಷ್ಟು ಅಗ್ಗವಾದರೂ ಬೇಡ.

ಇನ್ನು ಓಡಿಸುವ ಮಾತು. ಬಿಎಂಡಬ್ಲ್ಯು ಇ39 ಪೀಳಿಗೆಯ ಎಂ5ನ ಟ್ಯಾಕೋಮೀಟರಿನಲ್ಲಿ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಎಂದು ತೋರಿಸುವ ಮೀಟರ್) ಒಂದು ಸೊಗಸಾದ ಏರ್ಪಾಡಿದೆ. ಎಂಜಿನ್ ತಣ್ಣಗಿರುವಾಗ ಮೇಲಿನ ಅಂಕಿಗಳ ಪಕ್ಕ ಪುಟ್ಟ ದೀಪಗಳು ಉರಿಯುತ್ತಿರುತ್ತವೆ, ಆಯಿಲ್ ಕಾದಂತೆಲ್ಲ ಒಂದೊಂದಾಗಿ ಆರುತ್ತ ಎಂಜಿನ್ ಹೆಚ್ಚು ಸುತ್ತಲು ಅನುಮತಿ ಕೊಡುತ್ತವೆ. ಎಲ್ಲ ಕಾರಿಗೂ ಈ ದೀಪಗಳಿಲ್ಲ, ನಿಯಮ ಮಾತ್ರ ಎಲ್ಲಕ್ಕೂ ಅದೇ. ಕೂಲಂಟಿನ ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಆಯಿಲ್ ಕಾದಿದೆ ಎಂದಲ್ಲ, ಅದು ಇನ್ನಷ್ಟು ಹೊತ್ತು ಹಿಂದೆ ಉಳಿದಿರುತ್ತದೆ. ಹತ್ತು ಹದಿನೈದು ನಿಮಿಷ ಮೃದುವಾಗಿ ಓಡಿಸಿ, ಆಮೇಲೆ ಎಂಜಿನ್ ಹಾಡಲಿ. ಟರ್ಬೊ ಕಾರಾದರೆ ಕೊನೆಯ ಕೆಲವು ಕಿಲೋಮೀಟರ್ ಮತ್ತೆ ಮೃದುವಾಗಿ ಬನ್ನಿ. ಆಯಿಲ್‌ನ ದರ್ಜೆಯನ್ನು ತಯಾರಕರು ಹೇಳಿದಂತೆಯೇ ಹಾಕಿ. 10ಡಬ್ಲ್ಯು-60 ಎಂಬ ದಪ್ಪ ಆಯಿಲ್ ಬೇಡುವ ಎಂಜಿನ್‌ಗೆ ಕೈಗೆ ಸಿಕ್ಕ ತೆಳು ಆಯಿಲ್ ಸುರಿದವರ ಬೇರಿಂಗ್‌ಗಳನ್ನು ನಾನು ಬಿಚ್ಚಿದ್ದೇನೆ.

ತಂಪಿನ ವ್ಯವಸ್ಥೆಗೆ ನನ್ನ ಗಮನ ಎಲ್ಲಕ್ಕಿಂತ ಹೆಚ್ಚು. ಕೂಲಂಟ್ ಹತ್ತಾರು ಡಿಗ್ರಿ ಏರಿಳಿದರೂ ಮುಳ್ಳು ನಡುವಿನಲ್ಲೇ ನಿಲ್ಲುವಂತೆ ಮಾಡಿದ ಮೀಟರ್‌ಗಳಿವೆ. ಮುಳ್ಳು ಅಲ್ಲಾಡುವ ಹೊತ್ತಿಗೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗಲು ಶುರುವಾಗಿರಬಹುದು. ಪ್ಲಾಸ್ಟಿಕ್ ಎಕ್ಸ್‌ಪಾನ್ಷನ್ ಟ್ಯಾಂಕ್, ಹೋಸ್‌ಗಳು, ಥರ್ಮೋಸ್ಟಾಟ್, ವಾಟರ್ ಪಂಪ್ ಇವುಗಳನ್ನು ಕೆಡುವವರೆಗೆ ಕಾಯದೆ, ಕೊಂಡ ಮೊದಲ ತಿಂಗಳಲ್ಲೇ ಒಟ್ಟಿಗೆ ಬದಲಿಸಿ. ಬ್ರೇಕ್ ದ್ರವವನ್ನೂ ಮರೆಯಬೇಡಿ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ದ್ರವ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ, ತೇವ ಸೇರಿದ ದ್ರವಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ನೆಲಕ್ಕೆ ತಾಗಿದ ಚಾಲಕನಿಗೆ ಆ ವ್ಯತ್ಯಾಸ ಏನೆಂದು ಗೊತ್ತು. ಎರಡು ವರ್ಷಕ್ಕೊಮ್ಮೆ ಬದಲಿಸಿ.

ಕಾರು ಮನೆಗೆ ಬಂದ ವಾರದೊಳಗೆ ಆಯಿಲ್ ಬದಲಿಸಿ, ಹಳೆಯ ಫಿಲ್ಟರನ್ನು ಎಸೆಯಲು ಬಿಡಬೇಡಿ. ಕಾಗದದ ಭಾಗವನ್ನು ಕತ್ತರಿಸಿ, ಆಯಿಲ್ ಬಸಿದು ಹೋಗಲು ಬಿಟ್ಟು, ಮಡಿಕೆಗಳನ್ನು ಬಿಳಿ ಬಟ್ಟೆಯ ಮೇಲೆ ಹರಡಿ, ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ನಾನು ಈ ಕೆಲಸವನ್ನು ಗಿರಾಕಿಯ ಎದುರಿಗೇ ಮಾಡುತ್ತೇನೆ. ಕಪ್ಪು ಮಸಿ ಇರುವುದು ಸಹಜ. ಮಿನುಗು ಕಂಡರೆ ಅಯಸ್ಕಾಂತ ಹಿಡಿಯುತ್ತೇನೆ. ಅಂಟಿದರೆ ಉಕ್ಕು, ಚೈನ್ ಅಥವಾ ವಾಲ್ವ್ ತೆರೆಯುವ ಕ್ಯಾಮ್ ಕಡೆಗೆ ಕಣ್ಣು ಹಾಯಿಸಬೇಕು. ಅಂಟದೆ ತಾಮ್ರದ ಬಣ್ಣದಲ್ಲಿ ಹೊಳೆದರೆ ಅದು ಬೇರಿಂಗ್. ಆಗ ಕಾರು ಒಂದು ಕಿಲೋಮೀಟರ್ ಕೂಡ ಓಡಬಾರದು, ಅಲ್ಲೇ ನಿಲ್ಲಬೇಕು. ಸಮಯಕ್ಕೆ ನಿಂತರೆ ಬೇರಿಂಗ್ ಮಾತ್ರ ಬದಲಿಸಿ ಕ್ರ್ಯಾಂಕನ್ನು ಉಳಿಸಿಕೊಳ್ಳಬಹುದು. ಏನೂ ಮಿನುಗದ ದಿನ ಆ ಬಟ್ಟೆಯ ಫೋಟೊ ತೆಗೆದು, ಹಿಂದೆ ದಿನಾಂಕ ಮತ್ತು ಕಿಲೋಮೀಟರ್ ಬರೆದು, ಬಿಲ್‌ಗಳ ಕಡತದ ಮೊದಲ ಪುಟದಲ್ಲಿ ಇಡಲು ಹೇಳುತ್ತೇನೆ.